ಜೇಡ ಕಂಡ ನಕ್ಷತ್ರ

ಏರ್ಕಾಡು ಬೆಟ್ಟದ ನಮ್ಮ ವೀಕ್ಷಣಾಲಯದಲ್ಲಿ ದೂರದರ್ಶಕದ ಒಳಗೆ ಜೇಡನ ಎಳೆಯನ್ನೇ ಬಿಗಿಯುತ್ತಿದ್ದೆವು. ನಕ್ಷತ್ರದ ಜಾಗ ಅಳೆಯಲು ಅಷ್ಟು ತೆಳುವಾದ ದಾರ ಬೇರೆಲ್ಲಿದೆ? ತೋಟದ ಜೇಡಗಳನ್ನು ಹಿಡಿದು ಎಳೆ ತೆಗೆಯುವುದು ನನ್ನ ಕೆಲಸ.

ಆ ಚಳಿಗಾಲ ನಮ್ಮ ಖಗೋಳಜ್ಞೆ ಸೌಂದರವಲ್ಲಿ ಅಮ್ಮ ಅಳೆಯುತ್ತಿದ್ದ ಮಂಕು ನಕ್ಷತ್ರ ದಿನದಿನಕ್ಕೂ ಎಳೆಯಿಂದ ದೂರ ಸರಿಯತೊಡಗಿತು. ಅಮ್ಮ ನಿದ್ದೆಯಲ್ಲಿ ನಡೆಯುವವರಂತಾದರು.

“ಅದು ಎಲ್ಲಿಗೋ ಹೊರಟಿದೆ ಕಣೋ, ಸಡೈಯಾ.”

“ಹೋಗ್ಲಿ ಬಿಡಿ ತಾಯಿ. ತಟ್ಟೇಲಿರೋ ರಸಂ ತಣ್ಣಗಾಗ್ತಿದೆ, ಮೊದ್ಲು ಉಣ್ಣಿ.”

ಒಂದು ಬೆಳಗ್ಗೆ ಗಾಜು ಒರೆಸಲು ದೂರದರ್ಶಕ ಬಿಚ್ಚಿದೆ. ನಾನು ಬಿಗಿದ ಎಳೆ ಎಂದೋ ಹರಿದುಹೋಗಿತ್ತು. ಒಳಗೆ ಸೇರಿಕೊಂಡಿದ್ದ ಸಾಸಿವೆಯಷ್ಟು ಜೇಡವೊಂದು ದಿನವೂ ಸ್ವಲ್ಪ ಆಚೆಗೆ ಹೊಸ ಎಳೆ ಕಟ್ಟುತ್ತಿತ್ತು. ಅಮ್ಮ ಅದನ್ನೇ ನಮ್ಮದೆಂದು ನಂಬಿ ಅಳೆದಿದ್ದರು. ನಕ್ಷತ್ರ ಕದಲಿರಲೇ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. “ಹೊಸಕಿಬಿಡ್ಲಾ ಈ ದರಿದ್ರಾನ?”

ಅಮ್ಮ ಬಗ್ಗಿ ಜೇಡವನ್ನು ನೋಡಿದರು.

“ಬೇಡ್ವೋ. ಇಡೀ ಚಳಿಗಾಲ ಆ ನಕ್ಷತ್ರದ ಮುಂದೆ ಕೂತಿದ್ದೋರು ನಾನೂ ಇದೂ ಇಬ್ರೇ.”