ಗೋಡೆಯ ಎರಡು ಬದಿಯ ಮೀನುಗಳು

ಗಾಜಿನ ತೊಟ್ಟಿಯ ತಳದಲ್ಲಿ ಮೀಸೆಯಿಂದ ಮರಳು ಕೆದಕುತ್ತಿದ್ದ ಮೀನೊಂದು ಇದ್ದಕ್ಕಿದ್ದಂತೆ ನೆಟ್ಟಗೆ ಮೇಲಕ್ಕೆ ನುಗ್ಗಿ, ಒಂದು ಗುಟುಕು ಗಾಳಿ ಕುಡಿದು, ಏನೂ ಆಗಿಲ್ಲವೆಂಬಂತೆ ಮತ್ತೆ ತಳಕ್ಕಿಳಿಯುತ್ತಿತ್ತು. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಅದನ್ನು ಕಂಡು ನಾನು ಗಾಬರಿಯಿಂದ ಅತ್ತೆಯನ್ನು ಕೂಗಿದ್ದೆ. ಅವರು ನಕ್ಕುಬಿಟ್ಟರು. "ಏನೂ ಆಗಿಲ್ಲ ಕಣೇ. ತಳದಲ್ಲೇ ಇದ್ದೂ ಇದ್ದೂ ಉಸಿರು ಕಟ್ಟುತ್ತೆ, ಒಂದ್ಸಲ ಮೇಲೆ ಬಂದು ಹೋಗ್ತವೆ. ನಾವು ಹಿತ್ತಲಿಗೆ ಹೋಗಿ ಬರಲ್ವಾ, ಹಾಗೆ."

ಅಂಗಡಿಯವರು ಕೋರಿಡೋರಾಸ್ ಎನ್ನುವ ಆ ಮೀನುಗಳನ್ನು ನಮ್ಮ ಮನೆಯಲ್ಲಿ ಬರೀ ಕೋರಿ ಎನ್ನುತ್ತಿದ್ದರು. ಹೆಬ್ಬೆರಳಿನಷ್ಟು ಉದ್ದ, ಹಳೆಯ ಕಂಚಿನ ಬಣ್ಣ. ಅವನ್ನು ಸಾಕುತ್ತಿದ್ದವರು ನನ್ನ ಗಂಡ ಪರಮೇಶ ಮತ್ತು ಅವರ ಅಣ್ಣ ವಿರೂಪಾಕ್ಷ. ಆದರೆ ಅವು ಮೊಟ್ಟೆಯಿಡುತ್ತಿದ್ದುದು ಅತ್ತೆಯ ಕೈಗುಣದಿಂದ ಎಂದು ಇಬ್ಬರೂ ಒಪ್ಪುತ್ತಿದ್ದರು. ಅತ್ತೆ ಹಿತ್ತಲಿನ ಮಡಕೆಯಿಂದ ತಣ್ಣನೆಯ ನೀರು ತಂದು ತೊಟ್ಟಿಗೆ ನಿಧಾನವಾಗಿ ಸುರಿಯುತ್ತಿದ್ದರು. "ಮಳೆ ಬಂತು ಅಂದ್ಕೊಳ್ಳಲಿ ಪಾಪ" ಎನ್ನುತ್ತಿದ್ದರು. ಮರುದಿನ ಗಾಜಿನ ಮೇಲೆ ಸಬ್ಬಕ್ಕಿಯ ಕಾಳಿನಂತೆ ಮೊಟ್ಟೆಗಳು ಅಂಟಿಕೊಂಡಿರುತ್ತಿದ್ದವು. ಬಿಟ್ಟರೆ ಹೆತ್ತವೇ ತಿಂದುಬಿಡುತ್ತವೆ. ಅದಕ್ಕಾಗಿ ಭಾವ ತೋಳು ಮಡಿಸಿ, ಬೆರಳ ತುದಿಯಿಂದ ಒಂದೊಂದನ್ನೇ ಉರುಳಿಸಿ ಬಿಡಿಸಿ ಬೇರೆ ಬೋಗುಣಿಗೆ ಹಾಕುತ್ತಿದ್ದರು.

ಅತ್ತೆಗೆ ಕಾಯಿಲೆಯಾದಾಗ ವೈದ್ಯರು ಆಪರೇಷನ್ ಎಂದರು. ಭಾವ ಮಾಡಿಸೋಣ ಎಂದರು, ನಮ್ಮವರು ಈ ವಯಸ್ಸಿನಲ್ಲಿ ಬೇಡ ಎಂದರು. ಕೊನೆಗೆ ಭಾವನೇ ಸಹಿ ಹಾಕಿದರು. ಒಳಗೆ ಹೋದ ಅತ್ತೆ ಮತ್ತೆ ಕಣ್ಣು ಬಿಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ, ಬಂಧುಗಳೆಲ್ಲ ನೋಡುತ್ತಿರುವಂತೆ, ನಮ್ಮವರು ಅಣ್ಣನಿಗೆ ಅಂದರು: "ಅಮ್ಮನ್ನ ಕೊಂದವನು ನೀನು."

ಆ ಮಾತಿನ ಮೇಲೆ ಮನೆ ಎರಡಾಯಿತು. ನಡುಮನೆಯ ಮಧ್ಯೆ ಗೋಡೆ ಎದ್ದಿತು. ಗೋಡೆ ಏಳುವ ಮುನ್ನಾದಿನ ಭಾವ ಒಬ್ಬರೇ ಕೂತು ಬಲೆಯಿಂದ ಮೀನು ಹಂಚಿದರು. ಅರ್ಧ ತಾವೊಯ್ದು ಅರ್ಧ ತೊಟ್ಟಿಯಲ್ಲೇ ಬಿಟ್ಟರು. ಸಂಜೆ ನಮ್ಮವರು ಬಗ್ಗಿ ನೋಡಿ ಹಲ್ಲು ಕಚ್ಚಿದರು. "ನೋಡು, ಗಂಡೆಲ್ಲ ಆರಿಸ್ಕೊಂಡು ಹೋಗಿದಾನೆ. ನಮಗೆ ಬರೀ ಹೆಣ್ಣು. ನನ್ನ ಹತ್ರ ಮರಿ ಆಗಬಾರದು ಅಂತ."

"ಅಂಗಡೀಲಿ ಗಂಡು ಸಿಗಲ್ವೇನ್ರೀ?"

"ಅಂಗಡೀದು ಯಾರಿಗೆ ಬೇಕು? ಇವು ಅಮ್ಮ ನೀರು ಹಾಕಿ ಬೆಳೆಸಿದ ವಂಶ."

ಎರಡು ಬೇಸಿಗೆ ಕಳೆದವು. ನಮ್ಮ ಹೆಣ್ಣುಮೀನುಗಳು ಹೊಟ್ಟೆ ದುಂಡಗಾಗಿಸಿಕೊಂಡು ಗಾಜಿನುದ್ದಕ್ಕೂ ಮೂತಿಯಾಡಿಸುತ್ತಿದ್ದವು, ಮತ್ತೆ ಸುಮ್ಮನಾಗುತ್ತಿದ್ದವು. ಒಂದೊಂದಾಗಿ ಮುದಿಯಾಗುತ್ತಿದ್ದವು. ಒಂದು ಸತ್ತ ದಿನ ನಮ್ಮವರು ಊಟ ಮಾಡಲಿಲ್ಲ. ಗೋಡೆಯ ಆಚೆ ಭಾವ ಕೆಮ್ಮುವುದು ಕೇಳಿಸಿದರೆ ಇವರು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ನಾನು ನೋಡಿದೆನೆಂದು ತಿಳಿದರೆ ಪೇಪರ್ ಬಿಡಿಸುತ್ತಿದ್ದರು.

ಹಿತ್ತಲಿಗೆ ಮಾತ್ರ ಗೋಡೆ ಬಂದಿರಲಿಲ್ಲ. ಬಾವಿಯೊಂದೇ, ಒಗೆಯುವ ಕಲ್ಲೊಂದೇ. ಓರಗಿತ್ತಿ ದಾಕ್ಷಾಯಣಕ್ಕ ಮತ್ತು ನಾನು ಅಲ್ಲಿಗೆ ಬಂದು ಉಸಿರು ತೆಗೆದುಕೊಂಡು ಹೋಗುತ್ತಿದ್ದೆವು, ಥೇಟ್ ಆ ಮೀನುಗಳಂತೆ. ಒಂದು ದಿನ ನಮ್ಮ ಮೀನು ಸತ್ತದ್ದನ್ನು ಹೇಳಿದೆ. ಅಕ್ಕ ಸೀರೆ ಹಿಂಡುವುದನ್ನು ನಿಲ್ಲಿಸಿದರು.

"ಇವರಿಗೆ ಹೇಳಬೇಡ, ತಡ್ಕೊಳ್ಳಲ್ಲ. ದಿನಾ ಕೇಳ್ತಾರೆ, ಪರಮೇಶನ ಕಡೆ ಮೊಟ್ಟೆ ಇಟ್ವಂತಾ ಅಂತ."

"ಗಂಡೆಲ್ಲ ನಿಮ್ಮ ಕಡೆ ಇದ್ದರೆ ಹೇಗಿಡ್ತವೆ ಅಕ್ಕಾ?"

ಅಕ್ಕ ಮತ್ತೆ ಸೀರೆ ಹಿಂಡತೊಡಗಿದರು. ಮರುದಿನ ಮಧ್ಯಾಹ್ನ, ಇಬ್ಬರು ಗಂಡಸರೂ ಮನೆಯಲ್ಲಿಲ್ಲದಾಗ, ಮುಚ್ಚಳ ಮುಚ್ಚಿದ ಸ್ಟೀಲ್ ಪಾತ್ರೆ ಹಿಡಿದು ಬಂದರು. ಬಗ್ಗಿ ನೋಡಿದೆ. ಸಪೂರ ಮೈಯ ನಾಲ್ಕು ಗಂಡುಮೀನು. ನಮ್ಮವರು ಕೆಲಸದ ಮೇಲೆ ಪಕ್ಕದ ಊರಿಗೆ ಹೋಗಿ ಎರಡು ದಿನವಾಗಿತ್ತು. ಮೀನುಗಳನ್ನು ಬಿಟ್ಟು, ಅತ್ತೆ ಮಾಡುತ್ತಿದ್ದಂತೆಯೇ ಮಡಕೆಯ ನೀರನ್ನು ಸಣ್ಣಗೆ ಸುರಿದೆ.

ಬೆಳಗಾಗುವುದರೊಳಗೆ ತೊಟ್ಟಿಯಲ್ಲಿ ದೊಂಬಿಯೇ ನಡೆದಿತ್ತು. ಗಂಡುಗಳು ಬೆನ್ನು ಹತ್ತಿದ್ದವು. ಹೆಣ್ಣೊಂದು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಜೋಡಿಸಿ ಮೊಟ್ಟೆ ಹೊತ್ತು ತಂದು ಗಾಜಿಗೆ ಅಂಟಿಸುತ್ತಿತ್ತು. ಸಂತೋಷಕ್ಕೆ ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಇನ್ನೊಂದು ಬಂದು ಅಂಟಿಸಿದ್ದನ್ನು ತಿನ್ನತೊಡಗಿತು. ಬಿಡಿಸಲು ಹೋದರೆ ನನ್ನ ಬೆರಳಿಗೆ ಮೊಟ್ಟೆ ಒಡೆಯಿತು. ಹಿತ್ತಲಿಗೆ ಓಡಿ, "ಅಕ್ಕಾ, ಭಾವನ್ನ ಕಳಿಸಿ" ಎಂದು ಕೂಗಿಬಿಟ್ಟೆ.

ಭಾವ ಬಂದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ನನ್ನ ಮುಖ ನೋಡಿದರು. "ಬನ್ನಿ" ಎಂದೆ. ಒಳಗೆ ಬಂದು ತೋಳು ಮಡಿಸಿ ಕೂತರು. ಒಂದೊಂದೇ ಮೊಟ್ಟೆಯನ್ನು ಉರುಳಿಸಿ ಬಿಡಿಸತೊಡಗಿದರು.

ಅರ್ಧದಷ್ಟು ಮೊಟ್ಟೆ ಬೋಗುಣಿಗೆ ಬಿದ್ದಿರಬೇಕು, ಅಷ್ಟರಲ್ಲಿ ನಮ್ಮವರು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಂಜೆಗೆ ಬರಬೇಕಾದವರು. ಅವರು ತೊಟ್ಟಿಯನ್ನು ನೋಡಿದರು, ಅಣ್ಣನನ್ನು ನೋಡಿದರು.

"ಗಂಡು ಎಲ್ಲಿಂದ ಬಂದ್ವು?"

"ನಮ್ಮನೇವು." ಭಾವ ತಿರುಗಲಿಲ್ಲ. "ನಿನ್ನೆ ರಾತ್ರಿ ನನ್ನ ತೊಟ್ಟೀಲಿ ಕಮ್ಮಿ ಕಂಡ್ವು. ಎಲ್ಲಿ ಹೋಗಿರ್ತವೆ ಅಂತ ಗೊತ್ತಾಯ್ತು. ಸುಮ್ನಿದ್ದೆ."

"ಆವತ್ತು ಬೇಕಂತಲೇ ತಾನೆ ಗಂಡೆಲ್ಲ ಒಯ್ದದ್ದು?"

"ಬೇಕಂತಲೇ ಹೆಣ್ಣು ಬಿಟ್ಟು ಹೋದೆ ಕಣೋ. ಮರಿ ಆಗೋದು ಹೆಣ್ಣಿರೋ ಕಡೆ. ಅಮ್ಮನ ಮೀನು ನಿನ್ನ ಹತ್ರ ಉಳೀಲಿ ಅಂತ." ಬೆರಳ ಮೇಲಿದ್ದ ಮೊಟ್ಟೆಯನ್ನು ನೀರಿಗೆ ಬಿಟ್ಟು ಭಾವ ಮುಂದುವರಿಸಿದರು. "ಗಂಡು ಕೇಳೋಕಾದ್ರೂ ಬರ್ತೀಯ ಅಂದ್ಕೊಂಡೆ. ನೀನು ಬರ್ಲೇ ಇಲ್ಲ."

ಮೀನೊಂದು ಮೇಲಕ್ಕೆ ಬಂದು ಗಾಳಿ ಕುಡಿದು ಹೋಯಿತು. ನಮ್ಮವರು ಬ್ಯಾಗನ್ನು ಕೆಳಗಿಟ್ಟರು.

"ಆಸ್ಪತ್ರೆ ಬಾಗಿಲಲ್ಲಿ ನಾನು ಅಂದದ್ದು..."

"ಬಿಡು. ನಾನೂ ದಿನಾ ನನಗೆ ಅದನ್ನೇ ಅಂದ್ಕೋತೀನಿ."

"ಇಲ್ಲ, ಕೇಳು. ನೀನು ಆಪರೇಷನ್ ಮಾಡಿಸದೇ ಇದ್ದು ಅಮ್ಮ ಹೋಗಿದ್ರೂ ನಾನು ಅದೇ ಮಾತು ಅಂತಿದ್ದೆ. ಯಾರಿಗಾದ್ರೂ ಅನ್ನಲೇಬೇಕಿತ್ತು. ನಿನ್ನ ಬಿಟ್ಟು ನನಗೆ ಇನ್ಯಾರಿದ್ರು ಅಣ್ಣ?"

ಭಾವ ಒದ್ದೆ ಕೈಯನ್ನು ತೊಟ್ಟಿಯಿಂದ ತೆಗೆಯಲಿಲ್ಲ. ತೋಳಿಗೆ ಮುಖ ಒತ್ತಿ ಒರೆಸಿಕೊಂಡು, "ಆ ಮೂಲೇಲಿ ಇನ್ನೊಂದಷ್ಟಿವೆ, ನನಗೆ ಕಾಣಿಸ್ತಿಲ್ಲ" ಎಂದರು. ನಮ್ಮವರು ಅಂಗಿಯ ತೋಳು ಮಡಿಸುತ್ತ ಪಕ್ಕದಲ್ಲಿ ಕೂತರು.

ಗೋಡೆಯನ್ನು ಯಾರೂ ಒಡೆಸಲಿಲ್ಲ; ಅಡುಗೆಮನೆಗಳು ಎರಡೇ ಉಳಿದವು. ಮೊಟ್ಟೆಗಳಲ್ಲಿ ಎಷ್ಟೋ ಬೂಸಲು ಹಿಡಿದು ಬೆಳ್ಳಗಾದವು. ಉಳಿದವು ಒಡೆದವು. ಮರಿಗಳು ಮರಳಿನ ಮೇಲೆ ಈಜತೊಡಗಿದ ದಿನ ದಾಕ್ಷಾಯಣಕ್ಕ ಎರಡು ಲೋಟ ಕಾಫಿ ಹಿಡಿದು ಬಂದು, ನನ್ನೊಡನೆ ಬಾಗಿಲಲ್ಲೇ ನಿಂತುಬಿಟ್ಟರು. ತಲೆ ನರೆತ ಅಣ್ಣ ತಮ್ಮ ನೆಲದ ಮೇಲೆ ಬೋರಲಾಗಿ ಮಲಗಿ, ಗಾಜಿನ ಬೋಗುಣಿಗೆ ಹಣೆ ತಾಗಿಸಿ ನೋಡುತ್ತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ನಾವಿಬ್ಬರೂ ಅವರನ್ನು ಕರೆಯಲಿಲ್ಲ.