ಮುನ್ಸಿಪಾಲಿಟಿಯ ಅಂತರಗಂಗೆ

ಒರತೆಯ ನೀರನ್ನು ದುರ್ಗಿ ಸೆರಗಿನಲ್ಲಿ ಎರಡು ಸಲ ಸೋಸಿದಳು. ವಾಸನೆ ಹೋಗಲಿಲ್ಲ. ಒಳಗೆ ಮಗಳು ಕಮಲಿ ಮೂರು ದಿನದಿಂದ ಭೇದಿ ಹತ್ತಿ ಚಾಪೆಗೆ ಅಂಟಿಕೊಂಡಿದ್ದಳು. ಪೇಟೆಯಂಚಿನ ಆ ಕೇರಿಯ, ಕೊಪ್ಪದ, ಹನ್ನೊಂದು ಮನೆಗೂ ಇದ್ದದ್ದು ಅದೊಂದೇ ಒರತೆ.

ಒರತೆಯ ಮೇಲ್ಗಡೆ ಹೊಂಡ. ಪೇಟೆಯ ಗಟಾರವೆಲ್ಲ ಬಂದು ಬೀಳುವುದು ಅದಕ್ಕೆ. ಉಚ್ಚೆ, ಹೇಲು, ಸೋಪಿನ ನೀರು, ಹೋಟೆಲಿನ ಮುಸುರೆ. ಆ ಹೊಲಸು ತಿಂದು ಹೊಂಡದ ತುಂಬ, ನೀರ ಮೇಲೆ ತೇಲುವ ಅಂತರಗಂಗೆ ಸೊಪ್ಪು ಕೊಬ್ಬುತ್ತಿತ್ತು. ವಾರಕ್ಕೊಮ್ಮೆ ಕೊಪ್ಪದ ಹೆಂಗಸರು ಸೊಂಟಮಟ್ಟ ಇಳಿದು, ಕಾಲು ಭಾಗ ಎಳೆದು, ಹೆಡಿಗೆಯಲ್ಲಿ ಹೊತ್ತು, ಹರಿವೆ ಮೂಲಂಗಿಯ ಸಾಲಿಗೆ ಗೊಬ್ಬರ ಹಾಕುತ್ತಿದ್ದರು. ಎಳೆದಲ್ಲಿ ಹೊಸದು ಹಬ್ಬುತ್ತಿತ್ತು. ಹೊಂಡದಿಂದ ಒರತೆಗೆ ಇಳಿಯುವ ನೀರು ತಿಳಿಯಾಗಿರುತ್ತಿತ್ತು. ದುರ್ಗಿಯ ಅತ್ತೆಯ ಕಾಲದಿಂದಲೂ ಹೀಗೇ. ಈ ಕೆಲಸಕ್ಕೆ ಯಾರೂ ಕೂಲಿ ಕೊಟ್ಟಿರಲಿಲ್ಲ, ಇವರೂ ಕೇಳಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹೊಂಡದ ಸುತ್ತ ಮುನ್ಸಿಪಾಲಿಟಿಯ ಬೇಲಿ ಬಂತು. ಮುಂಬೈ ಸರಕಾರದ ಕಾಲದ ತಗಡಿನ ಬೋರ್ಡಿಗೆ ಮರಾಠಿಯ ಮೇಲೆ ಕನ್ನಡ ಬಳಿದು ನೆಟ್ಟರು. ಓವರ್‌ಸಿಯರೇ ಓದಿ ಹೇಳಿದ: "ಹೊಂಡ, ಅದರೊಳಗಿನ ಸೊಪ್ಪು, ಎಲ್ಲ ಮುನ್ಸಿಪಾಲಿಟಿ ಸ್ವತ್ತು. ಮುಟ್ಟಿದರೆ ಕೇಸು."

ಸೊಪ್ಪು ಮುನ್ಸಿಪಾಲಿಟಿ ಮೆಂಬರ ಸಾಹುಕಾರನ ತೆಂಗಿನ ತೋಟಕ್ಕೆಂದು ಸಭೆಯಲ್ಲಿ ಠರಾವಾಗಿತ್ತು. ಅವನ ಗಾಡಿ ಒಂದು ಸಲ ಬಂದು ಮೇಲಿನ ಹಸಿ ಸೊಪ್ಪು ಹೇರಿಕೊಂಡು ಹೋಯಿತು. ಮತ್ತೆ ಬರಲಿಲ್ಲ. ಎರಡು ತಿಂಗಳಲ್ಲಿ ಅಂತರಗಂಗೆ ಒಂದರ ಮೇಲೊಂದು ಹತ್ತಿ, ಅಡಿಯದು ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ಕಕ್ಕಿತು.

ದುರ್ಗಿ ಕಚೇರಿಗೆ ಹೋದಳು.

"ಒಡ್ಯಾ, ಸೊಪ್ಪು ವಾರಾ ವಾರಾ ತೆಗೀಲೇ ಬೇಕು. ಬೇಲಿ ಬಿಡಿ, ನಾವೇ ತೆಗೀತೇವೆ."

ಓವರ್‌ಸಿಯರ್ ನಕ್ಕ. "ಎಂತ, ನನಗೇ ಇಂಜಿನಿಯರಿಂಗ್ ಕಲಿಸ್ತೀಯಾ? ನೀರು ಕೆಟ್ಟದ್ದು ನಿಮ್ಮ ಎಮ್ಮೆಗಳಿಂದ. ರಿಪೋರ್ಟು ಬರೆದಾತು."

"ಎಮ್ಮೆ ಬೇಲಿ ಹಾರಿ ಹೋತಾ ಒಡ್ಯಾ?"

"ಬಾಯಿ ಉದ್ದ ಮಾಡಬೇಡ. ನೀರು ಕಾಸಿ ಕುಡೀರಿ."

"ಕಟ್ಟಿಗೆಗೆ ಕಾಡಿಗೆ ಹೋದ್ರೆ ಗಾರ್ಡು ಕತ್ತಿ ಕಸೀತಾನೆ. ಅಲ್ಲೂ ನಿಮ್ದೊಂದು ಬೋರ್ಡು ಉಂಟಲ್ಲ."

ಜವಾನ ಅವಳನ್ನು ಹೊರಗೆ ದಬ್ಬಿದ.

ಕಮಲಿ ಇನ್ನೂ ಚಾಪೆ ಬಿಟ್ಟು ಎದ್ದಿರಲಿಲ್ಲ; ಅದೇ ವಾರ ಪಕ್ಕದ ಮನೆಯ ಗಂಗೆಯ ಎರಡು ವರ್ಷದ ಗಂಡುಮಗು ಭೇದಿಯಲ್ಲಿ ಸತ್ತಿತು. ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಗಂಗೆ ಕತ್ತಿ ಹಿಡಿದು ಹೋಗಿ, ಒಂದು ಮಾತೂ ಆಡದೆ, ಬೇಲಿಯ ಕಟ್ಟು ಕಡಿದಳು. ಹಿಂದಿನಿಂದ ದುರ್ಗಿ ಬಂದಳು. ಅವಳ ಹಿಂದೆ ಕೊಪ್ಪದ ಹೆಂಗಸರೆಲ್ಲ ಬಂದು ಹೊಂಡಕ್ಕಿಳಿದರು. ಕೊಳೆತ ಸೊಪ್ಪು ಕೈಯಲ್ಲಿ ಹಿಡಿದರೆ ಲೋಳೆಯಾಗಿ ಜಾರುತ್ತಿತ್ತು.

"ಇವತ್ತು ಸಾಲಿಗೆ ಹಾಕೂದು ಬೇಡ," ಅಂದಳು ದುರ್ಗಿ. "ಸ್ವತ್ತು ಯಾರದೋ ಅವ್ರಿಗೇ ಮುಟ್ಸುವಾ."

ಹತ್ತೊಂಬತ್ತು ಹೆಡಿಗೆಗಳು ಪೇಟೆಯ ನಡುಬೀದಿಯಲ್ಲಿ ಹೊರಟವು. ಕಪ್ಪು ನೀರು ಕತ್ತಿನ ಮಣಿಸರದ ಮೇಲೆ, ಬೆನ್ನ ಮೇಲೆ ಇಳಿಯುತ್ತಿತ್ತು. ಅಂಗಡಿಯವರು ಮೂಗು ಮುಚ್ಚಿದರು. ಅವರ ಮನೆಯದೇ ಹೊಲಸು ಅದು, ತಿರುಗಿ ಬಂದದ್ದು. ಕಚೇರಿಯ ಮೆಟ್ಟಿಲಿನ ಮೇಲೆ ಒಬ್ಬೊಬ್ಬರಾಗಿ ಸುರಿದರು.

ಓವರ್‌ಸಿಯರ್ ಕರವಸ್ತ್ರ ಒತ್ತಿಕೊಂಡು ಓಡಿಬಂದ. "ಹುಚ್ಚು ಹಿಡಿದಿದೆಯಾ? ಪೊಲೀಸರನ್ನ ಕರೆಸ್ತೇನೆ!"

"ಕರೆಸಿ," ಅಂದಳು ದುರ್ಗಿ. "ಕದ್ದದ್ದಲ್ಲ ಒಡ್ಯಾ, ತಂದು ಒಪ್ಪಿಸಿದ್ದು. ಬೋರ್ಡು ಓದಿ ಹೇಳಿದ್ದು ನೀವೇ."

"ಇದನ್ನೆಲ್ಲ ಯಾರು ಎತ್ತಬೇಕು?"

"ಸ್ವತ್ತಿನವರು."

ಹೇಳಿದ್ದು ಗಂಗೆ. ಮಗು ಸತ್ತ ಮೇಲೆ ಅವಳಾಡಿದ ಮೊದಲ ಮಾತು.

ದುರ್ಗಿ ಖಾಲಿ ಹೆಡಿಗೆಯನ್ನು ತಲೆಗೆ ಕವುಚಿಕೊಂಡಳು.

"ನಡೀರೇ. ಹೊಂಡದಲ್ಲಿ ಇನ್ನೂ ಮುಕ್ಕಾಲು ಪಾಲು ಉಂಟು."