ಬೆನ್ನು ಮಾಡಿ ಬಂದವಳು

ಟಿಣ್ ಟಿಣ್, ನೀರಿನ ಲೋಟದ ಅಂಚಿಗೆ ಕುಂಚ ತಾಗಿತು, ದೂರದ ಗುಡಿಯಲ್ಲಿ ಯಾರೋ ಕೈಗಂಟೆ ಅಲುಗಿಸಿದ ಹಾಗೆ, ಮತ್ತೆ ಎಲ್ಲ ಸುಮ್ಮನಾಯಿತು — ಅಲ್ಲಾಡಬ್ಯಾಡ್ರಿ ಅವ್ವಾ, ಅಂದರು ಯರ್ರಿಸ್ವಾಮಿ ಮೇಷ್ಟ್ರು, ನಾನೆಲ್ಲಿ ಅಲ್ಲಾಡಿದೆ, ಅಲ್ಲಾಡಿದ್ದು ಮನಸ್ಸು, ಅದೂ ಇವರ ಕಣ್ಣಿಗೆ ಬೀಳುತ್ತದೋ ಏನೋ, ಬಿದ್ದರೆ ಬೀಳಲಿ, ಅರವತ್ತೆರಡು ವರ್ಷದ ಈ ಮುಖವನ್ನು ಯಾರಾದರೂ ಇಷ್ಟು ಹೊತ್ತು ನೋಡಿದ್ದುಂಟೇ, ಡಾಕ್ಟರೂ ನೋಡಲಿಲ್ಲ, ಕಟ್ಟಿಕೊಂಡವನೂ ನೋಡಲಿಲ್ಲ, ಇವರು ನೋಡುತ್ತಾರೆ, ನೋಡಿದರೆ ನಾಚಿಕೆಯಾಗುವುದಿಲ್ಲ, ಸುಂಕಲಮ್ಮನ ಗುಡಿಯಲ್ಲಿ ತಾಯಿಯ ಎದುರು ನಿಂತಾಗ ಆಗುತ್ತದಲ್ಲ, ಎಲ್ಲ ಗೊತ್ತಿರುವವಳ ಮುಂದೆ ನಿಂತ ಹಾಗೆ, ಹಾಗೆ — ಬಳ್ಳಾರಿ ಸತ್ಯನಾರಾಯಣಪೇಟೆಯ ಮೇಷ್ಟ್ರ ಈ ಮಾಳಿಗೆ ಕೋಣೆಗೆ ಬರುತ್ತಿರುವುದು ಇದು ಮೂರನೆಯ ಭಾನುವಾರ, ಸಿರಿಗೇರಿಯಿಂದ ಬೆಳಗಿನ ಬಸ್ಸು, ನನ್ನ ಹಿಂದೆ ಬಾಗಿಲಲ್ಲಿ ಮಗಳು ಸುಮಂಗಲಾ ಮೊಬೈಲು ಹಿಡಿದು ಕೂತಿದ್ದಾಳೆ, ದೊಡ್ಡಾಸ್ಪತ್ರೆಯ ನರ್ಸಮ್ಮ, ಬಳ್ಳಾರಿಯಲ್ಲಿ ಮನೆ ಕಟ್ಟಿಸಿದ್ದಾಳೆ, ನಡುಮನೆಯ ಗೋಡೆಗೆ ಬುದ್ಧನ ಪಟ ಹಾಕಿ ಪಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ, ಇಲ್ಲಿ ಅಜ್ಜಿ ಇರಬೇಕವ್ವಾ, ಅಂತ, ಅಜ್ಜಿ ಅಂದರೆ ನನ್ನ ಹಡೆದವ್ವ ಜಂಬಮ್ಮ, ಆಕೆಯದೊಂದು ಫೋಟೊ ಇಲ್ಲ, ಕೂಲಿನಾಲಿಯವರು ಫೋಟೊ ತೆಗೆಸುವ ಕಾಲವೂ ಅಲ್ಲ ಅದು, ನನಗೆ ಏಳು ತುಂಬುವ ಮೊದಲೇ ಹೋದಳು, ಅಕ್ಕ ವಿರೂಪಮ್ಮ ಇದ್ದಿದ್ದರೆ ಹೇಳುತ್ತಿದ್ದಳು, ಮೂಗು ಹೀಗಿತ್ತು, ಗದ್ದ ಹಾಗಿತ್ತು ಅಂತ, ಅಕ್ಕನೂ ಹೋದ ವರ್ಷ ಹೋದಳು, ಈಗ ಭೂಮಿಯ ಮೇಲೆ ಅವ್ವನನ್ನು ಕಂಡ ಕಣ್ಣು ಅಂದರೆ ಇವೆರಡೇ, ನನ್ನವು, ಇವುಗಳಿಗೂ ಆ ಮುಖ ನೆನಪಿಲ್ಲ, ಅದನ್ನು ಯಾರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ, ಹೇಳಿದ್ದು ಒಂದೇ, ನಾನು ಅವ್ವನ ಪಡಿಯಚ್ಚಂತೆ, ಅಕ್ಕ ಅನ್ನುತ್ತಿದ್ದಳು, ನನ್ನನ್ನು ಕೂರಿಸಿಕೊಂಡು ಬರೆದರೆ ಅವ್ವ ಬರುತ್ತಾಳೆ, ಹೀಗೆ ಬಾಯಿಬಿಟ್ಟು ಹೇಳಿ ಕೂತುಬಿಟ್ಟಿದ್ದೇನೆ.

ಮೊದಲ ಭಾನುವಾರ ಪೆನ್ಸಿಲ್ಲು, ಹಾಳೆಯನ್ನು ಕಣ್ಣಿಗೊತ್ತಿಕೊಂಡು ಶುರುಮಾಡಿದರು ಮೇಷ್ಟ್ರು, ಕುರುಗೋಡಿನ ಶಾಲೆಯಲ್ಲಿ ಚಿತ್ರ ಕಲಿಸುವವರು, ನಾಲ್ಕೂರಿನಲ್ಲಿ ಹೆಸರು, ಆದರೂ ಹಾಳೆಗೆ ಮೊದಲು ಕೈಮುಗಿಯುತ್ತಾರೆ, ನಾವು ಗದ್ದೆಗೆ ಇಳಿಯುವ ಮುಂಚೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ, ಅದನ್ನು ಕಂಡೇ ನನ್ನ ಅರ್ಧ ಹೆದರಿಕೆ ಹೋಯಿತು, ಎರಡು ತಾಸಿಗೆ ಬಂತು ಮುಖ, ಏನು ಮುಖ, ಒಂದೊಂದು ಸುಕ್ಕೂ ನೇಗಿಲ ಸಾಲು, ಓಲೆ ಎಳೆದು ಎಳೆದು ಜೋತುಬಿದ್ದ ಕಿವಿಯ ತೂತನ್ನೂ ಬಿಟ್ಟಿರಲಿಲ್ಲ, ಸುಮಂಗಲಾ ಎದ್ದು ಬಂದು ನೋಡಿ ಕಿಸಕ್ಕನೆ ನಕ್ಕಳು, ಅಜ್ಜಿ ಎಲ್ಲಿ ಬಂದಾಳ ಸಾರ್, ಇಕಿ ನಮ್ಮವ್ವನ, ಬಸ್ಸಿನ್ಯಾಗ ಸೀಟು ಸಿಗಲಿಲ್ಲಂದ್ರ ಹಿಂಗ ಮಾರಿ ಮಾಡ್ತಾಳ, ಮೇಷ್ಟ್ರೂ ನಕ್ಕರು, ಕೆಳಗೆ ಸುಂಕಮ್ಮ, ಸಿರಿಗೇರಿ ಎಂದು ಬರೆದು ನನ್ನ ಕೈಗೇ ಕೊಟ್ಟುಬಿಟ್ಟರು, ಇದು ನಿಮ್ದು ಇಟ್ಕೊಳ್ರಿ, ಅಮ್ಮ ತೀರಿಕೊಂಡಾಗ ಎಷ್ಟು ವಯಸ್ಸು, ಕೇಳಿದರು, ಮೂವತ್ತು ಇದ್ದೀತು, ಅಂದೆ, ಹಂಗಾರ ನಿಮ್ಮನ್ನ ಮೂವತ್ತು ವರ್ಷ ಹಿಂದಕ್ಕ ಕರಕೊಂಡು ಹೋಗೋಣ — ಎರಡನೆಯ ಭಾನುವಾರ ಇದ್ದಿಲು, ನಮ್ಮ ಒಲೆಯದಲ್ಲ, ಸಣ್ಣ ಕಡ್ಡಿಯಂಥದು, ಬಳಿದು ಬೆರಳಲ್ಲಿ ಉಜ್ಜಿದರೆ ಗಲ್ಲ ತುಂಬಿಕೊಳ್ಳುತ್ತದೆ, ಬ್ರೆಡ್ಡಿನ ಚೂರು ಒತ್ತಿ ಕಪ್ಪು ತೆಗೆದರೆ ಮೂಗಿನ ಮೇಲೆ ಬಿಸಿಲು ಬೀಳುತ್ತದೆ, ಸುಕ್ಕುಗಳನ್ನೆಲ್ಲ ಒಂದೊಂದೇ ಬಿಚ್ಚಿ ಒಳಗಿದ್ದ ಹೆಣ್ಣನ್ನು ಹೊರಗೆ ಕರೆದರು, ಕರೆದರೆ ಬಂದವಳು ಅಕ್ಕ ವಿರೂಪಮ್ಮ, ಅದೇ ಸಿಟ್ಟಿನ ಹುಬ್ಬು, ಯಾಕಲೇ ಸುಂಕಿ, ಹಂಗ್ಯಾಕ ಬಾಯಿ ತಕ್ಕೊಂಡು ನೋಡ್ತಿ, ಎಂದು ಈಗಲೋ ಆಗಲೋ ಗದರುವ ತುಟಿ, ನಾನು ಅಲ್ಲೇ ಅತ್ತುಬಿಟ್ಟೆ, ವರ್ಷದ ಮೇಲೆ ಅಕ್ಕನನ್ನು ಕಂಡು ಅಳದೆ ಇರುವುದು ಹೇಗೆ, ಆದರೆ ಅವ್ವ ಅಲ್ಲ, ಕಣ್ಣೊರೆಸಿಕೊಂಡು ಗೋಡೆ ನೋಡಿದೆ, ಗೋಡೆ ತುಂಬ ಮೇಷ್ಟ್ರು ಬರೆದ ಜನ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲ, ಮೂಟೆಯ ಭಾರ ನೋಡುವವರ ಕತ್ತಿಗೇ ತಾಗುತ್ತದೆ, ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಬಲೆ ಬಿಡಿಸುವವನು, ಎಣಿಸಿದರೆ ಹತ್ತು ಗೆರೆ, ಅಷ್ಟರಲ್ಲೇ ಹೊಳೆಯೂ ಇದೆ, ಬಳೆ ತೊಡಿಸುವ ಹೆಂಗಸು ಬಣ್ಣದ ಸೀಮೆಸುಣ್ಣದಲ್ಲಿ, ಬೀಡಿ ಸೇದುವ ಮುದುಕನೊಬ್ಬ ಬರೀ ಚಹಾದ ಡಿಕಾಕ್ಷನ್ನಿನಲ್ಲಿ, ಯಾರೂ ದೊಡ್ಡವರಲ್ಲ, ಎಲ್ಲರೂ ಪೂಜೆಗೆ ಕೂತವರ ಹಾಗೆ ಕೂತಿದ್ದಾರೆ, ಇಷ್ಟು ಮಂದಿಯನ್ನು ಕರೆದು ಕೂರಿಸಿದ ಕೈಗೆ ನನ್ನವ್ವ ಒಬ್ಬಳು ಯಾಕೆ ಸಿಗಳು, ಕೈಯಲ್ಲಿ ಏನೂ ತಪ್ಪಿಲ್ಲ, ತಪ್ಪು ಇಲ್ಲಿ ಕುರ್ಚಿಯ ಮೇಲೆ ಕೂತಿದೆ.

ಇವತ್ತು ನೀರಿನ ಬಣ್ಣ, ಟಿಣ್ ಟಿಣ್, ಹಾಳೆಯ ಮೇಲೆ ಮೊದಲು ಬರೀ ನೀರು ಬಳಿದರು, ಅದರ ಮೇಲೆ ಒಂದು ಹನಿ ಬಣ್ಣ ಬಿಟ್ಟರು, ಅದು ತಾನಾಗಿ ಹರಿದು ಕೆನ್ನೆಯಾಯಿತಂತೆ, ಕಾಲುವೆಗೆ ನೀರು ಬಿಟ್ಟಾಗ ಮಡಿಯಿಂದ ಮಡಿಗೆ ಹರಿಯುವ ಹಾಗೆ, ಬರ್ರಿ ನೋಡ್ರಿ, ಅಂದರು, ಎದ್ದು ನೋಡಿದೆ, ಎಷ್ಟು ತಿಳಿಯಾದ ಮುಖ, ಬೆಳಗಿನ ಹೊತ್ತಿನ ಮುಖ, ಅದು ಸುಮಂಗಲಾ — ಅಯ್ಯ, ಇದು ನಾನಲ್ಲೇನ್ರಿ ಸಾರ್, ಅಂದಳು ಮಗಳು, ನಮ್ಮ ಮನಿ ಮಂದಿ ಎಲ್ಲಾರೂ ಬಂದ್ರು, ಬರಬೇಕಾದಾಕಿ ಒಬ್ಬಾಕಿ ಬರವಲ್ಲಳು, ನಗುತ್ತಲೇ ಅಂದಳು, ಆದರೆ ಹಾಳೆಯಲ್ಲಿ ಇನ್ನೊಮ್ಮೆ ಹುಡುಕಿದಳು, ಆಗ ನನ್ನಿಂದ ತಡೆಯಲಾಗಲಿಲ್ಲ, ಸಾರ್, ನನಗ ನಮ್ಮವ್ವನ ಮಾರಿ ನೆನಪಿಲ್ರಿ, ಒಂಚೂರೂ ನೆನಪಿಲ್ಲ, ಸುಳ್ಳು ಹೇಳಿ ಕುಂತೀನಿ, ಸುಮಂಗಲಾಳ ಕೈಯಲ್ಲಿ ಮೊಬೈಲು ಹಾಗೇ ನಿಂತಿತು, ಮೂರು ಭಾನುವಾರ ಹಾಳುಮಾಡಿದೆ, ಬೈಯುತ್ತಾರೆ ಅಂದುಕೊಂಡೆ, ಮೇಷ್ಟ್ರು ಕುಂಚ ತೊಳೆದರು, ಬಟ್ಟೆಗೆ ಒರೆಸಿದರು, ಮಾರಿ ಬಿಡ್ರಿ ಅವ್ವಾ, ನಿಮ್ಮ ಕಣ್ಣಿಗೆ ಕಂಡಿದ್ದೇನು ಅದನ್ನ ಹೇಳ್ರಿ, ಬೆನ್ನು ಕಂಡೀನ್ರಿ, ಅಂದೆ, ಅಂದಮೇಲೆ ನನಗೇ ಗೊತ್ತಾಯಿತು ನಾನು ಬೆನ್ನು ಕಂಡಿದ್ದೇನೆ ಅಂತ — ನಸುಕಿಗೆ ಎದ್ದು ಹೋಗುವವಳು, ದೀಪ ಹಚ್ಚಿದ ಮೇಲೆ ಬರುವವಳು, ಹಗಲಲ್ಲಿ ಕಂಡದ್ದು ನೆಲ್ಲಿನ ಗದ್ದೆಯಲ್ಲಿ ಮಾತ್ರ, ನನ್ನನ್ನು ಬದುವಿನ ಮೇಲೆ ಕೂರಿಸಿ ಆ ತುದಿಯಿಂದ ನಾಟಿ ಹಚ್ಚುತ್ತ ಬರುವಳು, ನಾಟಿ ಹಚ್ಚುವವರು ಮುಂದೆ ನಡೆಯುವುದಿಲ್ಲವಲ್ಲ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ಬಗ್ಗಿದ ಬೆನ್ನು, ಎತ್ತಿ ಕಟ್ಟಿದ ಸೀರೆ, ಹಿಮ್ಮಡಿ, ಅದೇ ನನ್ನ ಕಡೆಗೆ ಬರುತ್ತಿತ್ತು, ಬರುತ್ತ ಬರುತ್ತ ದೊಡ್ಡದಾಗುತ್ತಿತ್ತು — ಮೇಷ್ಟ್ರು ಎದ್ದು ಚಾಪೆಯಷ್ಟು ಉದ್ದದ ಹಾಳೆಯನ್ನು ನೆಲದ ಮೇಲೆ ಹಾಸಿದರು, ಕಣ್ಣಿಗೊತ್ತಿಕೊಂಡರು, ಕಪ್ಪು ಮಸಿಯ ಬಟ್ಟಲು ತಂದಿಟ್ಟುಕೊಂಡರು, ತೋರಸ್ರಿ ಅವ್ವಾ, ಆ ಕಿಟಕಿ ಕಡಿಂದ ಬಾಗಿಲ ಕಡೆ ಬರ್ರಿ, ಅಂದರು, ನಾನು ಸೀರೆ ಎತ್ತಿ ಕಟ್ಟಿದೆ, ಯವ್ವಾ ಸೊಂಟ ಹಿಡಕೊಂತತಿ, ಮಗಳು, ಸುಮ್ಕ ಕುಂದ್ರಲೇ, ನಾನು, ನಿನ್ನ ಗುಳಿಗಿ ನೀನ ಇಟ್ಕ, ಕಿಟಕಿಗೆ ಮುಖ ಮಾಡಿ ಬಗ್ಗಿದೆ, ಎಡಗೈಯಲ್ಲಿ ಇಲ್ಲದ ಸಸಿಯ ಕಟ್ಟು, ಬಲಗೈ ಬೆರಳು ನೆಲಕ್ಕೆ, ಒಂದು, ಒಂದು, ಒಂದು, ಹಿಂದಕ್ಕೊಂದು ಹೆಜ್ಜೆ, ಐವತ್ತು ವರ್ಷ ಹಚ್ಚಿದ ಮೈ, ಹೇಳಿಕೊಡಬೇಕಿಲ್ಲ, ಪಕ್ಕದಲ್ಲಿ ಕುಂಚ ಹಾಳೆಗೆ ಬೀಳುತ್ತಿದೆ, ಮೇಷ್ಟ್ರೂ ಮಂಡಿಯೂರಿ ನನ್ನ ಜೊತೆಗೇ ಹಿಂದಕ್ಕೆ ಸರಿಯುತ್ತಿದ್ದಾರೆ, ಇಬ್ಬರದೂ ಒಂದೇ ಗದ್ದೆ ಅನ್ನುವ ಹಾಗೆ, ಇಂಥ ಕೈಗೆ ಕೋಟಿ ಶರಣು, ಹಿಂದೆ ಬಾಗಿಲಲ್ಲಿ ಮಗಳ ಉಸಿರು ಕೇಳುತ್ತದೆ, ತಿರುಗಿ ನೋಡಬೇಕು ಅನ್ನಿಸಿತು, ತಿರುಗಲಿಲ್ಲ, ತಿರುಗಿದರೆ ಸಾಲು ಸೊಟ್ಟಾಗುತ್ತದೆ, ಅಯ್ಯೋ ಅವ್ವಾ, ನಿನಗೂ ಹೀಗೇ ಅನ್ನಿಸುತ್ತಿತ್ತೇನೇ, ನಾನು ಅಲ್ಲಿ ಕೂತಿರುವುದು ನಿನ್ನ ಬೆನ್ನಿಗೆ ಗೊತ್ತಿತ್ತೇನೇ — ಸಾಕ್ರಿ ಅವ್ವಾ, ಅಂದರು ಮೇಷ್ಟ್ರು, ಮೆಲ್ಲಗೆ, ಗುಡಿಯಲ್ಲಿ ಮಾತಾಡುವ ಹಾಗೆ, ಸೊಂಟ ಹಿಡಿದು ಎದ್ದೆ, ನೋಡಿದೆ, ಮುಖವಿಲ್ಲ, ಮುಖ ಬೇಕಾಗಿಯೂ ಇಲ್ಲ, ಮಸಿ ಇನ್ನೂ ಹಸಿ, ಕುಂಚವನ್ನು ಒಂದೇ ಸಲ ಎಳೆದ ಬೆನ್ನು, ಅದರ ಕೆಳಗೆ ಕಾಲು, ನನ್ನ ಕಾಲಲ್ಲ, ನನ್ನದು ವಾತದಿಂದ ಊದಿದೆ, ಇದು ಮೂವತ್ತರ ಕಾಲು, ಎಲ್ಲಿ ಕಂಡರು ಇದನ್ನು ಇವರು, ಇಕೀನ ಏನವ್ವಾ, ಕೇಳುತ್ತಾಳೆ ಮಗಳು, ಹೌದು ಅನ್ನಬೇಕು, ಬಗ್ಗಿ ಆ ಕಾಲನ್ನೇ ನೋಡುತ್ತೇನೆ, ಒಂದು ಕಾಲು ಕೆಸರಲ್ಲಿ, ಇನ್ನೊಂದು ಎತ್ತಿದೆ, ಹಿಮ್ಮಡಿ ನನ್ನ ಕಡೆಗೆ, ತುದಿಯಿಂದ ಕೆಸರು ತೊಟ್ಟಿಕ್ಕುತ್ತಿದೆ, ಇನ್ನೂ ನೆಲಕ್ಕೆ ಊರಿಲ್ಲ, ಹಿಂದಕ್ಕೆ ಎತ್ತಿದ ಕಾಲು, ನನ್ನ ಕಡೆಗೆ, ಇನ್ನೂ ಊರಿಲ್ಲ —